ಬೇಸ್‌ಬಾಲ್ ಅಮಾನತಿನ ಸುದ್ದಿಯನ್ನು ಓದಿ ನ್ಯಾಯಾನ್ಯಾಯ ತೂಗುವ ಬಗೆ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಟಗಾರನೊಬ್ಬ ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದಾಗ ಹೊರಬೀಳುವ ಪ್ರಕಟಣೆಯಲ್ಲಿ ಆತನ ಹೆಸರು, ತಂಡ, ಮದ್ದು ಮತ್ತು ಅಮಾನತಿನ ಪಂದ್ಯಗಳ ಸಂಖ್ಯೆಯನ್ನು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಭಾರತದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾ ವಿಧಿಸುವ ಎರಡು, ನಾಲ್ಕು ವರ್ಷಗಳ ನಿಷೇಧದ ಸುದ್ದಿಗಳನ್ನು ಓದಿ ರೂಢಿಯಾದವರಿಗೆ 80 ಪಂದ್ಯಗಳ ಅಮಾನತು ತೀರಾ ಹಗುರವೆನಿಸುತ್ತದೆ. ಒಂದು ಋತುವಿನಲ್ಲಿ ತಂಡವೊಂದು 162 ಪಂದ್ಯ ಆಡುತ್ತದೆ ಎಂದು ತಿಳಿದ ಮೇಲೆ ಅದೇ ಸಂಖ್ಯೆ ಅರ್ಧ ವರ್ಷದ ದುಡಿಮೆಯಾಗಿ ಕಾಣುತ್ತದೆ. ಆದರೆ ಪಂದ್ಯಗಳ ಸಂಖ್ಯೆ ಶಿಕ್ಷೆಯ ಒಂದು ಮುಖ ಮಾತ್ರ. ಆಟಗಾರ ನಿಜವಾಗಿ ಏನನ್ನು ಕಳೆದುಕೊಂಡ, ಯಾವುದು ಅವನ ಬಳಿಯೇ ಉಳಿಯಿತು ಎಂಬ ಲೆಕ್ಕ ಹಾಕದೆ ನ್ಯಾಯದ ಮಾತಾಡುವುದು ಅವಸರವಾಗುತ್ತದೆ.

ಮೊದಲು ಅಮಾನತಿನ ಕಾರಣವನ್ನು ಖಚಿತಪಡಿಸಿಕೊಳ್ಳಿ. ಬೆಟ್ಟಿಂಗ್, ಕೌಟುಂಬಿಕ ಹಿಂಸೆ, ಮೈದಾನದಲ್ಲಿನ ದುರ್ವರ್ತನೆ, ಇವೆಲ್ಲಕ್ಕೂ ಬೇರೆ ಬೇರೆ ನಿಯಮಗಳಿವೆ. 2024ರಲ್ಲಿ ಟುಕುಪಿಟಾ ಮಾರ್ಕಾನೋ ಎಂಬ ಆಟಗಾರನಿಗೆ ಆಜೀವ ನಿಷೇಧ ಬಿದ್ದದ್ದು ಬೆಟ್ಟಿಂಗ್‌ಗಾಗಿ. ಅದನ್ನು ಮುಂದಿಟ್ಟುಕೊಂಡು ಮದ್ದಿನ ಶಿಕ್ಷೆಯನ್ನು ಅಳೆಯುವುದು ಸಲ್ಲದು.

ಎರಡನೆಯದಾಗಿ, ಆ ವರ್ಷ ಯಾವ ನಿಯಮ ಜಾರಿಯಲ್ಲಿತ್ತು ಎಂದು ನೋಡಿ. ಬೇಸ್‌ಬಾಲ್‌ನ ಮದ್ದು ನಿಯಮಗಳು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ಸಂಹಿತೆಯಿಂದ ಬಂದವಲ್ಲ; ತಂಡಗಳ ಮಾಲೀಕರೂ ಆಟಗಾರರ ಸಂಘವೂ ಚೌಕಾಶಿ ಮಾಡಿ ಒಪ್ಪಿಕೊಂಡಂಥವು. ಸ್ಟೀರಾಯ್ಡ್‌ಗಳನ್ನು ನಿಷೇಧಿಸಲಾಗಿದೆ ಎಂದು ಲೀಗ್‌ನ ಮುಖ್ಯಸ್ಥರಾದ ಕಮಿಷನರ್ ಅವರ ಕಚೇರಿ 1991ರಲ್ಲೇ ಸುತ್ತೋಲೆ ಕಳಿಸಿತ್ತಾದರೂ ಪರೀಕ್ಷೆಯೇ ಇಲ್ಲದಿದ್ದುದರಿಂದ ಆ ಸುತ್ತೋಲೆಗೆ ಹಲ್ಲಿರಲಿಲ್ಲ. 1998ರಲ್ಲಿ 70 ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಬಾರಿಸಿ ಪಡೆಯುವ ರನ್) ಹೊಡೆದ ಮಾರ್ಕ್ ಮೆಗ್ವೈರ್ ಆಗ ಬಳಸುತ್ತಿದ್ದುದಾಗಿ ಒಪ್ಪಿಕೊಂಡ ಆಂಡ್ರೋಸ್ಟೀನ್‌ಡಯೋನ್ ಎಂಬ ಹಾರ್ಮೋನ್ ಪೂರಕ ಅಂಗಡಿಯಲ್ಲಿ ಮುಕ್ತವಾಗಿ ಮಾರಾಟವಾಗುತ್ತಿತ್ತು, ಲೀಗ್‌ನ ನಿಷೇಧಕ್ಕೂ ಒಳಪಟ್ಟಿರಲಿಲ್ಲ. 2003ರಲ್ಲಿ ಹೆಸರು ಹೊರಗೆಡಹುವುದಿಲ್ಲ ಎಂಬ ಭರವಸೆಯ ಮೇಲೆ ಸಮೀಕ್ಷಾ ಪರೀಕ್ಷೆ ನಡೆದು, ಶೇಕಡಾ 5ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಕಂಡುಬಂದ ಕಾರಣ 2004ರಿಂದ ಕಡ್ಡಾಯ ಪರೀಕ್ಷೆ ಆರಂಭವಾಯಿತು. 2005ರಲ್ಲಿ ಮೊದಲ ತಪ್ಪಿಗೆ 10 ದಿನ, 2006ರಿಂದ 50 ಪಂದ್ಯ, 2014ರಿಂದ 80 ಪಂದ್ಯ. ಈಗ ಎರಡನೆಯ ಬಾರಿಗೆ 162 ಪಂದ್ಯ, ಮೂರನೆಯ ಬಾರಿಗೆ ಆಜೀವ ನಿಷೇಧ. 2005ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಬೆರಳು ತೋರಿಸುತ್ತ ತಾನು ಸ್ಟೀರಾಯ್ಡ್ ಮುಟ್ಟಿಲ್ಲ ಎಂದಿದ್ದ ರಫಾಯೆಲ್ ಪಾಲ್ಮೆರೊ, ಅದೇ ವರ್ಷದ ಆಗಸ್ಟ್‌ನಲ್ಲಿ ಸಿಕ್ಕಿಬಿದ್ದು ಹೊರಗೆ ಕೂತದ್ದು ಹತ್ತೇ ದಿನ. ಇಂದಿನ ಅಳತೆಗೋಲಿನಲ್ಲಿ ಅದು ನಗೆಪಾಟಲು. ಅಂದಿನ ಒಪ್ಪಂದದಲ್ಲಿ ಇದ್ದುದೇ ಅಷ್ಟು.

ಮೂರನೆಯದು ಸಾಕ್ಷ್ಯ. ಶಿಕ್ಷೆ ಮೂತ್ರದ ಮಾದರಿಯ ಆಧಾರದ ಮೇಲೆ ಬಂದಿದೆಯೇ, ಕಾಗದಪತ್ರ ಮತ್ತು ಸಾಕ್ಷಿಗಳ ಹೇಳಿಕೆಯ ಮೇಲೆಯೇ ಎಂಬುದನ್ನು ಗಮನಿಸಿ. 2013ರ ಬಯೋಜೆನೆಸಿಸ್ ಪ್ರಕರಣದಲ್ಲಿ ಆಟಗಾರರಿಗೆ ಮದ್ದು ಪೂರೈಸಿದ ಫ್ಲೋರಿಡಾದ ಒಂದು ಕ್ಲಿನಿಕ್ಕಿನ ದಾಖಲೆಗಳೇ ಮುಖ್ಯ ಆಧಾರವಾಗಿದ್ದವು. ಅಲೆಕ್ಸ್ ರೊಡ್ರಿಗಸ್‌ಗೆ ಲೀಗ್ ವಿಧಿಸಿದ 211 ಪಂದ್ಯಗಳ ಅಮಾನತನ್ನು ಮಧ್ಯಸ್ಥಗಾರರು 2014ರ ಜನವರಿಯಲ್ಲಿ 162ಕ್ಕೆ ಇಳಿಸಿದರು. ಹಾಗಿದ್ದೂ ಅದು ಆವರೆಗಿನ ಅತಿ ದೀರ್ಘ ಮದ್ದಿನ ಅಮಾನತಾಗಿತ್ತು. ಮಾದರಿಯ ಪ್ರಕರಣವಾದರೆ ಅದನ್ನು ಯಾರು, ಹೇಗೆ ಸಂಗ್ರಹಿಸಿ ಪ್ರಯೋಗಾಲಯಕ್ಕೆ ತಲುಪಿಸಿದರು ಎಂಬುದು ತೀರ್ಪನ್ನೇ ಬದಲಿಸಬಲ್ಲದು. ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲೊಂದಾದ ನ್ಯಾಷನಲ್ ಲೀಗ್‌ನ 2011ರ ಅತ್ಯುತ್ತಮ ಆಟಗಾರ ರಯಾನ್ ಬ್ರಾನ್ ವಿಷಯದಲ್ಲಿ ಸಂಗ್ರಾಹಕ ಶನಿವಾರ ಪಡೆದ ಮಾದರಿಯನ್ನು ಕೂಡಲೇ ಕೊರಿಯರ್‌ಗೆ ಕೊಡದೆ ಸೋಮವಾರದವರೆಗೆ ಮನೆಯಲ್ಲಿಟ್ಟುಕೊಂಡಿದ್ದರು. ಮಧ್ಯಸ್ಥಗಾರ ಶ್ಯಾಮ್ ದಾಸ್ 2012ರ ಫೆಬ್ರುವರಿಯಲ್ಲಿ ಅಮಾನತನ್ನು ರದ್ದುಪಡಿಸಿದರು. ಕೆಲವೇ ತಿಂಗಳಲ್ಲಿ ಲೀಗ್ ದಾಸ್ ಅವರನ್ನೇ ಹುದ್ದೆಯಿಂದ ತೆಗೆಯಿತು. ಮರುವರ್ಷ ಬ್ರಾನ್ ಬಯೋಜೆನೆಸಿಸ್ ಪ್ರಕರಣದಲ್ಲಿ 65 ಪಂದ್ಯಗಳ ಶಿಕ್ಷೆ ಒಪ್ಪಿಕೊಂಡು, ಮದ್ದು ಬಳಸಿದ್ದು ನಿಜವೆಂದೂ ಹೇಳಿದರು. ಹಾಗಾದರೆ ದಾಸ್ ಅವರ ತೀರ್ಪು ತಪ್ಪಾಗಿತ್ತೇ? ನನ್ನ ದೃಷ್ಟಿಯಲ್ಲಿ ಇಲ್ಲ. ಅವರ ಮುಂದಿದ್ದುದು ವಿಧಾನದ ಪ್ರಶ್ನೆ, ಅದಕ್ಕೆ ಅವರು ವಿಧಾನದ ಉತ್ತರ ಕೊಟ್ಟರು.

ಮದ್ದಿನ ಹೆಸರನ್ನೂ, ಜೊತೆಗೆ ಬರುವ ವಿವರಣೆಯನ್ನೂ ಬೇರೆ ಬೇರೆಯಾಗಿ ಓದಬೇಕು. ಸ್ಟಾನೊಜೊಲೊಲ್‌ನಂಥ ಸ್ಟೀರಾಯ್ಡ್ ತಾನಾಗಿ ದೇಹದೊಳಗೆ ಬರುವುದಿಲ್ಲ. ಮೂತ್ರವರ್ಧಕಗಳು ಸ್ವತಃ ಬಲ ಕೊಡುವುದಿಲ್ಲವಾದರೂ ಬೇರೆ ಮದ್ದಿನ ಕುರುಹನ್ನು ಮರೆಮಾಚಬಲ್ಲವಾದ್ದರಿಂದ ನಿಷಿದ್ಧ. ಹೇಗೆ ಬಂದಿತೆಂದು ತನಗೆ ತಿಳಿಯದು ಎಂದಮಾತ್ರಕ್ಕೆ ಆಟಗಾರನಿಗೆ ಬಿಡುಗಡೆಯಿಲ್ಲ. ದೇಹದೊಳಗೆ ಹೋದದ್ದಕ್ಕೆ ಅವನೇ ಹೊಣೆ. ಆದರೆ ಕೆಲವು ಮದ್ದುಗಳ ವಿಷಯದಲ್ಲಿ ತನ್ನ ತಪ್ಪು ಗಂಭೀರವಲ್ಲ ಎಂದು ಸಾಬೀತುಪಡಿಸಿದರೆ ಶಿಕ್ಷೆ ಇಳಿಯಬಹುದು: 2019ರಲ್ಲಿ ಮೂತ್ರವರ್ಧಕದೊಂದಿಗೆ ಸಿಕ್ಕಿಬಿದ್ದ ಮೈಕಲ್ ಪಿನೇಡಾಗೆ 80ರ ಬದಲು 60 ಪಂದ್ಯಗಳ ಅಮಾನತಾಯಿತು. ಫರ್ನಾಂಡೊ ಟಾಟಿಸ್ ಜೂನಿಯರ್ 2022ರ ಆಗಸ್ಟ್‌ನಲ್ಲಿ ತನ್ನ ದೇಹದಲ್ಲಿ ಕಂಡ ಕ್ಲಾಸ್ಟೆಬೊಲ್ ಎಂಬ ಸ್ಟೀರಾಯ್ಡ್ ಹುಳುಕಡ್ಡಿಗೆ ಹಚ್ಚಿದ ಔಷಧಿಯಿಂದ ಬಂತೆಂದರೂ 80 ಪಂದ್ಯಗಳೇ ಬಿದ್ದವು. ಇಂಥ ವಿವರಣೆಗಳನ್ನು ನಂಬಬೇಕಾದ ಅಗತ್ಯವೂ ಇಲ್ಲ, ಲೇವಡಿ ಮಾಡಬೇಕಾದ ಅಗತ್ಯವೂ ಇಲ್ಲ. ಶಿಕ್ಷೆಯನ್ನು ಇಳಿಸಿದರೇ ಇಲ್ಲವೇ ಎಂಬುದಷ್ಟೇ ಓದುಗನಿಗೆ ಸಿಗುವ ಗಟ್ಟಿ ಸುಳಿವು.

ಇನ್ನು ಹಣ. ನ್ಯಾಯದ ಲೆಕ್ಕದಲ್ಲಿ ಅತಿ ಹೆಚ್ಚು ಹೊತ್ತು ಕಳೆಯಬೇಕಾದುದು ಇಲ್ಲಿಯೇ. ಅಮಾನತಿನ ಅವಧಿಗೆ ಸಂಬಳವಿಲ್ಲ. ಆ ವರ್ಷದ ಸಂಬಳವನ್ನು 162ರಿಂದ ಭಾಗಿಸಿ ಅಮಾನತಿನ ಪಂದ್ಯಗಳಿಂದ ಗುಣಿಸಿದರೆ ನಷ್ಟದ ಅಂದಾಜು ಸಿಗುತ್ತದೆ. ಆದರೆ ಅದನ್ನು ಇಡೀ ಒಪ್ಪಂದದ ಪಕ್ಕದಲ್ಲಿಟ್ಟು ನೋಡಬೇಕು. ರಾಬಿನ್ಸನ್ ಕಾನೊ ಎರಡನೆಯ ಬಾರಿ ಸಿಕ್ಕಿಬಿದ್ದಾಗ 2021ರ ಪೂರ್ತಿ ಸಂಬಳ, ಸುಮಾರು 2.4 ಕೋಟಿ ಡಾಲರ್, ಹೋಯಿತು. ಟಾಟಿಸ್‌ನದು 14 ವರ್ಷಗಳ 34 ಕೋಟಿ ಡಾಲರಿನ ಒಪ್ಪಂದವಾದರೂ ಆರಂಭದ ವರ್ಷಗಳಲ್ಲಿ ಸಂಬಳ ಕಡಿಮೆ ಇರುವಂತೆ ಹೆಣೆದಿದ್ದರಿಂದ ಅವನ ನಷ್ಟ ಒಟ್ಟು ಮೊತ್ತದಲ್ಲಿ ಸಣ್ಣ ಪಾಲು. ಮಾಲೀಕರು ಒಪ್ಪಂದವನ್ನು ಇದೇ ಕಾರಣಕ್ಕೆ ರದ್ದುಗೊಳಿಸುವಂತಿಲ್ಲ. ಆದರೆ ಅಮಾನತಿನ ಅವಧಿಯ ಸಂಬಳ ತಂಡದ ಬೊಕ್ಕಸದಲ್ಲೇ ಉಳಿಯುತ್ತದೆ ಎಂಬುದನ್ನು ಮರೆಯಬಾರದು. 2014ರಲ್ಲಿ ರೊಡ್ರಿಗಸ್ ಹೊರಗಿದ್ದುದರಿಂದ ಯಾಂಕೀಸ್ ತಂಡಕ್ಕೆ ಎರಡು ಕೋಟಿಗೂ ಹೆಚ್ಚು ಡಾಲರ್ ಉಳಿಯಿತು. ತಪ್ಪಿತಸ್ಥ ಆಟಗಾರನ ನೆರವಿನಿಂದ ಪಂದ್ಯ ಗೆದ್ದ ತಂಡಕ್ಕೆ ಕೊನೆಗೆ ಉಳಿತಾಯವೂ ಆಗುವುದು ಈ ವ್ಯವಸ್ಥೆಯ ದೊಡ್ಡ ಲೋಪ ಎಂದು ನಾನು ಭಾವಿಸುತ್ತೇನೆ.

ಜೋನಿ ಪೆರಾಲ್ಟಾ ಪ್ರಸಂಗವನ್ನು ಇದರ ಜೊತೆಗೇ ಓದಬೇಕು. ಬಯೋಜೆನೆಸಿಸ್ ಪ್ರಕರಣದಲ್ಲಿ 50 ಪಂದ್ಯಗಳ ಶಿಕ್ಷೆ ಮುಗಿಸಿ 2013ರ ಋತುವಿನ ಕೊನೆಗೆ ಡೆಟ್ರಾಯಿಟ್ ತಂಡಕ್ಕೆ ಮರಳಿದ ಈತ ಋತುವಿನ ನಂತರದ ನಾಕ್‌ಔಟ್ ಹಂತವಾದ ಪ್ಲೇಆಫ್‌ನಲ್ಲಿ ಆಡಿ ಹೋಮ್ ರನ್ನೂ ಹೊಡೆದ. ನವೆಂಬರ್‌ನಲ್ಲಿ ಸೇಂಟ್ ಲೂಯಿಸ್ ತಂಡ ನಾಲ್ಕು ವರ್ಷಕ್ಕೆ 5.3 ಕೋಟಿ ಡಾಲರ್ ಕೊಟ್ಟು ಅವನನ್ನು ಕರೆದುಕೊಂಡಿತು. ಮೋಸಕ್ಕೆ ಬೆಲೆ ಬಂತೆಂದು ಸಹ ಆಟಗಾರರೇ ಬಹಿರಂಗವಾಗಿ ಸಿಟ್ಟಾದರು. 2014ರ ಪರಿಷ್ಕರಣೆಯಲ್ಲಿ ಅಮಾನತುಗೊಂಡವರು ಆ ವರ್ಷದ ಪ್ಲೇಆಫ್‌ನಲ್ಲಿ ಆಡುವಂತಿಲ್ಲ ಎಂಬ ನಿಯಮ ಸೇರಿದ್ದು ಈ ಹಿನ್ನೆಲೆಯಲ್ಲಿ. ಆದ್ದರಿಂದ ಶಿಕ್ಷೆ ಯಾವ ತಿಂಗಳಲ್ಲಿ ಆರಂಭವಾಗುತ್ತದೆ, ತಂಡ ಪ್ಲೇಆಫ್ ಸಮೀಪದಲ್ಲಿದೆಯೇ ಎಂದು ಕ್ಯಾಲೆಂಡರ್ ಹಿಡಿದು ನೋಡಿ. ತಂಡ ಆಡುವ ಪ್ಲೇಆಫ್ ಪಂದ್ಯಗಳೂ ಲೆಕ್ಕಕ್ಕೆ ಸೇರುತ್ತವೆ: ಟಾಟಿಸ್ ಋತುವಿನ ಕೊನೆಯ 48, ಸ್ಯಾನ್ ಡಿಯಾಗೋ ತಂಡದ 12 ಪ್ಲೇಆಫ್ ಪಂದ್ಯಗಳನ್ನು ಹೊರಗೆ ಕಳೆದು, ಉಳಿದ 20ನ್ನು 2023ರ ಆರಂಭದಲ್ಲಿ ಮುಗಿಸಿದ. ತಂಡ ಪ್ಲೇಆಫ್‌ನಲ್ಲಿ ಮುಂದೆ ಹೋದಷ್ಟೂ ಮರುವರ್ಷದ ಬಾಕಿ ಇಳಿಯಿತು ಎಂಬುದು ಯಾರೂ ಉದ್ದೇಶಿಸಿರದ ವಿಚಿತ್ರ.

ಬಳಿಕ, ಅಮಾನತು ಏನನ್ನು ಮುಟ್ಟುವುದಿಲ್ಲ ಎಂಬ ಪಟ್ಟಿ ಮಾಡಿಕೊಳ್ಳಿ. ಅಥ್ಲೆಟಿಕ್ಸ್‌ನಲ್ಲಿ ಮಾದರಿ ಕೊಟ್ಟ ದಿನದಿಂದ ಮುಂದಿನ ಫಲಿತಾಂಶಗಳನ್ನು ಅಳಿಸಿ ಪದಕ ಹಿಂಪಡೆಯುತ್ತಾರೆ. ಬೇಸ್‌ಬಾಲ್‌ನಲ್ಲಿ ಹೊಡೆದ ರನ್ನು, ಗೆದ್ದ ಪಂದ್ಯ, ಪಡೆದ ಪ್ರಶಸ್ತಿ ಎಲ್ಲವೂ ಇದ್ದಲ್ಲೇ ಇರುತ್ತವೆ. 2012ರಲ್ಲಿ ಮೆಲ್ಕಿ ಕಬ್ರೇರಾ ಎರಡೂ ವಿಭಾಗಗಳ ತಾರೆಗಳು ಎದುರುಬದುರಾಗುವ ಜುಲೈನ ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರನಾದ. ಆ ಕಾಲದಲ್ಲಿ ಆ ಪಂದ್ಯ ಗೆದ್ದ ವಿಭಾಗದ ತಂಡಕ್ಕೆ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ತವರಿನ ಅನುಕೂಲ ಸಿಗುತ್ತಿತ್ತು. ಆಗಸ್ಟ್‌ನಲ್ಲಿ ಅವನಿಗೆ 50 ಪಂದ್ಯಗಳ ಅಮಾನತಾಯಿತು. ಅಕ್ಟೋಬರ್‌ನಲ್ಲಿ ಅವನದೇ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್, ಮೊದಲೆರಡು ಪಂದ್ಯಗಳನ್ನು ತವರಿನಲ್ಲಾಡಿ, ಡೆಟ್ರಾಯಿಟ್ ತಂಡವನ್ನು 4-0ರಿಂದ ಸೋಲಿಸಿತು. ಶಿಕ್ಷೆ ಮುಗಿದ ಮೇಲೂ ಜೈಂಟ್ಸ್ ಅವನನ್ನು ಪ್ಲೇಆಫ್‌ಗೆ ಕರೆಯಲಿಲ್ಲ, ಅದು ಅವರ ಘನತೆ. ಆದರೆ ತವರಿನ ಅನುಕೂಲವನ್ನು ಮರಳಿಸುವ ದಾರಿಯೇ ಇರಲಿಲ್ಲ. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ ಅತಿ ಹೆಚ್ಚು ಸರಾಸರಿಗೆ ಸಲ್ಲುವ ಬ್ಯಾಟಿಂಗ್ ಕಿರೀಟ. ಅವನ ಸರಾಸರಿ .346, ಕಿರೀಟಕ್ಕೆ ಅಗತ್ಯವಿದ್ದ 502 ಬ್ಯಾಟಿಂಗ್ ಸರದಿಗಳಲ್ಲಿ ಒಂದೇ ಕಡಿಮೆ, ಮತ್ತು ನಿಯಮದಂತೆ ಒಂದು ವಿಫಲ ಸರದಿ ಸೇರಿಸಿದರೂ ಕಿರೀಟ ಅವನಿಗೇ ಸಲ್ಲುತ್ತಿತ್ತು. ತನಗೆ ಅದು ಬೇಡವೆಂದು ಅವನೇ ಕೇಳಿಕೊಂಡ ಮೇಲೆ ಲೀಗ್ ಮತ್ತು ಸಂಘ ಆ ವರ್ಷಕ್ಕೆ ನಿಯಮವನ್ನು ಬದಿಗಿಟ್ಟವು; .336 ಸರಾಸರಿಯ ಬಸ್ಟರ್ ಪೋಸಿಗೆ ಕಿರೀಟ ಸಿಕ್ಕಿತು.

ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ನ ಚರ್ಚೆಯನ್ನು ಅಮಾನತಿನ ಚರ್ಚೆಯೊಡನೆ ಬೆರೆಸದಿರುವುದು ಒಳ್ಳೆಯದು. ಬ್ಯಾರಿ ಬಾಂಡ್ಸ್ ಮದ್ದಿಗಾಗಿ ಲೀಗ್‌ನಿಂದ ಒಂದು ದಿನವೂ ಅಮಾನತಾದವರಲ್ಲ. ಆದರೂ 762 ಹೋಮ್ ರನ್ ಹೊಡೆದ ಅವರಿಗೆ 2022ರಲ್ಲಿ, ಬರಹಗಾರರ ಮತದಾನದ ಹತ್ತನೆಯ ಮತ್ತು ಕೊನೆಯ ವರ್ಷದಲ್ಲೂ, ಬೇಕಿದ್ದ ಶೇಕಡಾ 75 ಮತ ಸಿಗಲಿಲ್ಲ. ಅದೇ ವರ್ಷ ಡೇವಿಡ್ ಓರ್ಟಿಸ್ ಮೊದಲ ಯತ್ನದಲ್ಲೇ ಆಯ್ಕೆಯಾದರು. 2003ರ ಗುಪ್ತ ಸಮೀಕ್ಷೆಯ ಪಟ್ಟಿಯಲ್ಲಿ ಅವರ ಹೆಸರಿತ್ತೆಂದು 2009ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಆ ಪಟ್ಟಿಯನ್ನೇ ಪೂರ್ತಿ ನಂಬಲಾಗದು ಎಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ 2016ರಲ್ಲಿ ಹೇಳಿದ್ದರು. ಅಲ್ಲಿ ತೀರ್ಪು ಕೊಡುವುದು ಮತ ಹಾಕುವವರ ಮನಸ್ಸು, ನಿಯಮಪುಸ್ತಕವಲ್ಲ.

ಕೊನೆಯದಾಗಿ, ಪ್ರಕಟಣೆಯಲ್ಲಿ ಆಜೀವ ನಿಷೇಧ ಎಂದಿದ್ದರೆ ಅದನ್ನೂ ಅಕ್ಷರಶಃ ತೆಗೆದುಕೊಳ್ಳಬೇಡಿ. ಒಂದು ವರ್ಷದ ನಂತರ ಮರುಪ್ರವೇಶಕ್ಕೆ ಅರ್ಜಿ ಹಾಕಬಹುದು, ಕನಿಷ್ಠ ಎರಡು ವರ್ಷ ಹೊರಗಿರಬೇಕು. ಮೂರು ಬಾರಿ ಸಿಕ್ಕಿಬಿದ್ದು 2016ರ ಫೆಬ್ರುವರಿಯಲ್ಲಿ ಇಂಥ ನಿಷೇಧಕ್ಕೆ ಒಳಗಾದ ಮೊದಲಿಗ ಹೆನ್ರಿ ಮೆಹಿಯಾ. 2018ರಲ್ಲಿ ಅವನಿಗೆ ಷರತ್ತಿನ ಅನುಮತಿ ಸಿಕ್ಕಿ, 2019ರಲ್ಲಿ ಬೋಸ್ಟನ್ ತಂಡದ ಕೆಳಹಂತದ ಲೀಗ್‌ನಲ್ಲಿ ಅವಕಾಶವೂ ದೊರೆಯಿತು. ಮೇಜರ್ ಲೀಗ್‌ಗೆ ಅವನು ಮರಳಲಿಲ್ಲ.