ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಶಾಲೆ ಹೇಳಿದರೆ ಏನು ಮಾಡಬೇಕು

"ನೋಡವ್ವ, ಈ ಕೂಸನ್ನು ದಿನಾ ಎತ್ತಿಕೊಂಡು ಬರುವ ಕಷ್ಟ ನಿನಗೇಕೆ? ಗೃಹಾಧಾರಿತ ಶಿಕ್ಷಣಕ್ಕೆ ಹೆಸರು ಬರೆಸುತ್ತೇವೆ, ಶಿಕ್ಷಕರೇ ಮನೆಗೆ ಬರುತ್ತಾರೆ" ಎಂದು ಮುಖ್ಯ ಗುರುಗಳು ಹೇಳಿದಾಗ ನಾನು ಕೈಮುಗಿದು ಬಂದಿದ್ದೆ. ಕರುಣೆಯ ಮಾತು ಎಂದುಕೊಂಡಿದ್ದೆ. ಮಗಳಿಗೆ ಆಗ ಎಂಟು ವರ್ಷ. ಸೆರೆಬ್ರಲ್ ಪಾಲ್ಸಿಯಿಂದ ಎರಡೂ ಕಾಲು ಬಿಗಿ, ಬಲಗೈಗೆ ಹಿಡಿತ ಕಡಿಮೆ, ಮಾತು ನಿಧಾನ. ಲೆಕ್ಕದಲ್ಲಿ ಮಾತ್ರ ಅಣ್ಣನಿಗಿಂತ ಚುರುಕು. ನಾವು ಗುಳೇದಗುಡ್ಡದವರು. ಮನೆಯವರು ಖಣ ನೇಯುತ್ತಾರೆ, ನಾನು ಕುಪ್ಪಸ ಹೊಲಿಯುತ್ತೇನೆ. ಒಂದು ವರ್ಷ ಅವಳು ಮಗ್ಗದ ಸದ್ದು ಕೇಳುತ್ತ ಹೊಸ್ತಿಲ ಬಳಿ ಕುಳಿತು, ಓಣಿಯ ಮಕ್ಕಳು ಪಾಟಿಚೀಲ ಹಾಕಿಕೊಂಡು ಹೋಗುವುದನ್ನು ನೋಡಿದಳು. ಆ ವರ್ಷ ಮರಳಿ ಬರುವುದಿಲ್ಲ. ಇನ್ನೊಬ್ಬ ತಾಯಿಗೆ ಹಾಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ತಿಳಿದಿರಲಿ. ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕು ಮಗುವಿನದು, ಶಾಲೆಯದಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದಾಗ, ಬಹುವಿಧ ಅಥವಾ ತೀವ್ರ ವೈಕಲ್ಯವಿರುವ ಮಗು ಮನೆಯಲ್ಲಿ ಕಲಿಯುವುದನ್ನು ಆಯ್ದುಕೊಳ್ಳಬಹುದು ಎಂದು ಸೇರಿಸಿದರು. ತೀವ್ರ ಎಂದರೆ ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚು. ನನ್ನ ಮಗಳ ಯುಡಿಐಡಿ ಕಾರ್ಡಿನಲ್ಲಿ, ಅಂದರೆ ಸರ್ಕಾರ ಕೊಡುವ ವೈಕಲ್ಯದ ಗುರುತಿನ ಚೀಟಿಯಲ್ಲಿ, ಇರುವುದು ಶೇಕಡಾ 65. ನಾವು ಆಯ್ದುಕೊಂಡಿರಲೂ ಇಲ್ಲ. ಯಾರೋ ನಮ್ಮ ಪರವಾಗಿ ಆಯ್ದು, ಅದನ್ನು ಉಪಕಾರ ಎಂದು ಕರೆದಿದ್ದರು.

ಇನ್ನೊಂದು ಕಾಯ್ದೆ 2016ರ ವಿಕಲಚೇತನರ ಹಕ್ಕುಗಳದು. ಅದರ ಕಲಂ 16ನ್ನು ಬಾಯಿಪಾಠ ಮಾಡಿಕೊಳ್ಳಿ: ಭೇದವಿಲ್ಲದೆ ದಾಖಲಾತಿ, ಕಟ್ಟಡ ಮತ್ತು ಆವರಣದೊಳಗೆ ಓಡಾಡಲು ಅನುಕೂಲ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ. ಸರ್ಕಾರಿ ಶಾಲೆಗಳಿಗೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೂ ಇದು ಅನ್ವಯ. ಕಲಂ 17ರಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯ ಮಾತಿದೆ. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಶಿಕ್ಷಣ ಉಚಿತ. ಅದು ಕಲಂ 31. ಯುಡಿಐಡಿ ಕಾರ್ಡು ಇನ್ನೂ ಆಗಿಲ್ಲದಿದ್ದರೆ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ಹಾಕಲು ಅವರು ನೆರವಾಗುತ್ತಾರೆ.

ಇನ್ನು ಕೆಲಸದ ಮಾತು. ನಾನು ಮಾಡಿದ ದೊಡ್ಡ ತಪ್ಪೆಂದರೆ ಒಂದು ವರ್ಷ ಬರೀ ಬಾಯಲ್ಲಿ ಕೇಳುತ್ತ ತಿರುಗಿದ್ದು. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಬರುತ್ತದೆ. ಮುಂದಿನ ವಾರ ಹೋದರೆ "ನಾವು ಹಾಗೆ ಹೇಳಿಯೇ ಇಲ್ಲ" ಎನ್ನುತ್ತಾರೆ. ಆದ್ದರಿಂದ ಇಂದೇ ಇನ್ನೂರು ಪುಟದ ಒಂದು ನೋಟುಪುಸ್ತಕ ತನ್ನಿ. ಯಾವ ದಿನ, ಯಾರು, ಏನು ಹೇಳಿದರು ಎಂಬುದನ್ನು ಅಂದೇ ರಾತ್ರಿ ಅವರ ಮಾತಿನಲ್ಲೇ ಬರೆಯಿರಿ. ನಿಮ್ಮ ಸಿಟ್ಟನ್ನು ಅದರಲ್ಲಿ ಬರೆಯಬೇಡಿ. ಶಿಕ್ಷಕರು ಮನೆಗೆ ಬಂದ ದಿನಗಳನ್ನು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟಿಟ್ಟು ಗುರುತು ಮಾಡುತ್ತಿದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಬೊಟ್ಟು. ಆ ಕ್ಯಾಲೆಂಡರ್ ಮುಂದೆ ನನಗೆ ವಕೀಲರಂತೆ ನಿಂತಿತು.

ಮನವಿ ಬರೆಯುವ ಮುನ್ನ ಒಂದು ವಾರ ಮಗುವಿನ ದಿನಚರಿಯನ್ನು ನೋಡಿ. "ನನ್ನ ಮಗಳಿಗೆ ಸೌಲಭ್ಯ ಕೊಡಿ" ಎಂದು ಬರೆದರೆ "ಪರಿಶೀಲಿಸಲಾಗುವುದು" ಎಂಬ ಉತ್ತರ ಬರುತ್ತದೆ. ಎಷ್ಟು ಹೊತ್ತು ಕೂರಬಲ್ಲಳು, ಯಾವ ಹೊತ್ತಿಗೆ ಶೌಚಕ್ಕೆ ಹೋಗುತ್ತಾಳೆ, ಯಾವ ಕೈಯಲ್ಲಿ ಸೀಸದಕಡ್ಡಿ ಹಿಡಿಯುತ್ತಾಳೆ ಎಂದು ನೋಡಿಕೊಂಡ ಮೇಲೆ ನಾನು ಕೇಳಿದ್ದು ಐದು: ನೆಲಮಹಡಿಯ ಕೋಣೆಯಲ್ಲಿ ಮೂರನೆಯ ತರಗತಿ, ಬೆನ್ನಿಗೆ ಆನಿಕೆಯಿರುವ ಕುರ್ಚಿ, ಬರೆಯುವ ಬದಲು ಬಾಯಲ್ಲಿ ಉತ್ತರ ಹೇಳುವ ಅವಕಾಶ, ಹನ್ನೊಂದು ಮತ್ತು ಎರಡು ಗಂಟೆಗೆ ಶೌಚಾಲಯಕ್ಕೆ ಕರೆದೊಯ್ಯಲು ಒಬ್ಬ ಹೆಂಗಸು, ಮೂರು ಮೆಟ್ಟಿಲಿಗೆ ಒಂದು ಇಳಿಜಾರು. ಇವುಗಳಲ್ಲಿ ಮೂರಕ್ಕೆ ಶಾಲೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಿರಲಿಲ್ಲ.

ಮನವಿಯ ಮುಖ್ಯ ಭಾಗವನ್ನು ಇಲ್ಲಿ ಕೊಡುತ್ತೇನೆ, ನಿಮ್ಮ ವಿವರ ಹಾಕಿಕೊಳ್ಳಿ: "ಮಾನ್ಯರೇ, ದಿನಾಂಕ ಇಂತಿಷ್ಟರಂದು ತಾವು ನನ್ನ ಮಗಳನ್ನು ಗೃಹಾಧಾರಿತ ಶಿಕ್ಷಣಕ್ಕೆ ಸೇರಿಸುವಂತೆ ಮೌಖಿಕವಾಗಿ ತಿಳಿಸಿದಿರಿ. ನಾವು ಆ ಆಯ್ಕೆ ಮಾಡಿರುವುದಿಲ್ಲ. ಬರುವ ಸೋಮವಾರದಿಂದ ಅವಳು ಶಾಲೆಗೆ ಬರುತ್ತಾಳೆ. 2016ರ ಕಾಯ್ದೆಯ ಕಲಂ 16ರಂತೆ ಕೆಳಗಿನ ಅನುಕೂಲಗಳನ್ನು ಒದಗಿಸಬೇಕು. ಸಾಧ್ಯವಾಗದಿದ್ದರೆ ಯಾವುದು, ಯಾಕೆ ಸಾಧ್ಯವಿಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ." ಕೊನೆಯ ಸಾಲನ್ನು ಬಿಡಬೇಡಿ. ಬಾಯಲ್ಲಿ "ಆಗುವುದಿಲ್ಲ" ಎನ್ನುವುದು ಸುಲಭ. ಅದನ್ನೇ ಸೀಲು ಹಾಕಿ ಬರೆದುಕೊಡಲು ಯಾವ ಅಧಿಕಾರಿಗೂ ಕೈ ಬರುವುದಿಲ್ಲ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸಹಿ, ಸೀಲು, ದಿನಾಂಕ ಪಡೆಯಿರಿ. ನನಗೆ ಮೊದಲ ಸಲ "ಇಟ್ಟು ಹೋಗು" ಎಂದರು, ಸಹಿ ಕೊಡಲಿಲ್ಲ. ಜಗಳವಾಡದೆ ಸೀದಾ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿದೆ. ಆ ರಸೀದಿಗೆ ಸಹಿಯಷ್ಟೇ ತೂಕವಿದೆ.

ಮನವಿ ತಲುಪಿದ ಮೇಲೆ ಶಾಲೆಯವರು ಕರೆಸಿ ಮಾತಾಡುತ್ತಾರೆ. ಒಬ್ಬರೇ ಹೋಗಬೇಡಿ. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿರುವ ಪಾಲಕರಲ್ಲಿ ಒಬ್ಬರನ್ನಾದರೂ ಮೊದಲೇ ಕಂಡು ಮಗುವನ್ನು ತೋರಿಸಿ. ನಮ್ಮ ಓಣಿಯ ಕಾಕಾ ಒಬ್ಬರು ಸದಸ್ಯರಾಗಿದ್ದರು. ಮಗಳು ಹದಿನೇಳರ ಮಗ್ಗಿ ಹೇಳಿದ್ದನ್ನು ಕೇಳಿ, ಸಭೆಯಲ್ಲಿ ನನಗಿಂತ ಗಟ್ಟಿಯಾಗಿ ಅವರೇ ಮಾತಾಡಿದರು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ, ವಿಕಲಚೇತನ ಮಕ್ಕಳ ಕಲಿಕೆ ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರೂ ಸಭೆಗೆ ಬರಲಿ ಎಂದು ಕೇಳಿ, ಅವರಿಂದ ವೈಯಕ್ತಿಕ ಶಿಕ್ಷಣ ಯೋಜನೆ ಬರೆಸಿ, ಒಂದು ಪ್ರತಿ ತೆಗೆದುಕೊಳ್ಳಿ. ಅವರ ಮೇಲೆ ಸಿಟ್ಟು ಬೇಡ. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲೇ ಹೇಳಿದೆ. ನಮ್ಮ ಮನೆಗೆ ಬರುತ್ತಿದ್ದವರು ಊರಿಂದೂರಿಗೆ ಬಸ್ಸಿನಲ್ಲಿ ಅಲೆಯುತ್ತಿದ್ದರು. ಸಭೆ ಮುಗಿದ ಸಂಜೆಯೇ "ಇಂದು ತಾವು ಒಪ್ಪಿದ ವಿಷಯಗಳು" ಎಂದು ಅರ್ಧ ಪುಟ ಬರೆದು ಮರುದಿನ ಕೊಟ್ಟುಬಿಡಿ.

ಹದಿನೈದು ದಿನ ಕಾದೂ ಏನೂ ಆಗದಿದ್ದರೆ ಅದೇ ಮನವಿಯ ಪ್ರತಿಯೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಆಮೇಲೆ ಉಪನಿರ್ದೇಶಕರಿಗೆ ಬರೆಯಿರಿ. ನಮಗೆ ಅದು ಬಾಗಲಕೋಟೆಯ ನವನಗರ. ಬೆಳಗಾವಿ ಜಿಲ್ಲೆಯವರು ಗಮನಿಸಿ, ಅಲ್ಲಿ ಶೈಕ್ಷಣಿಕ ಜಿಲ್ಲೆಗಳು ಎರಡು. ಅಥಣಿ, ರಾಯಬಾಗದವರ ಉಪನಿರ್ದೇಶಕರು ಚಿಕ್ಕೋಡಿಯಲ್ಲಿದ್ದಾರೆ. ಈ ಹಂತದಲ್ಲೇ ಮಾಹಿತಿ ಹಕ್ಕಿನ ಅರ್ಜಿಯೊಂದನ್ನೂ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಒಂದೇ ವಿಷಯ ಕೇಳಿ, 150 ಪದ ದಾಟಬೇಡಿ. ನಾನು ಕೇಳಿದ್ದು ಇಷ್ಟೇ: ನನ್ನ ಮಗಳ ಮನೆಗೆ ಶಿಕ್ಷಕರು ಭೇಟಿ ಕೊಟ್ಟ ದಿನಾಂಕಗಳ ಪ್ರತಿ. 30 ದಿನಗಳೊಳಗೆ ಬಂದ ಉತ್ತರದಲ್ಲಿ ಹದಿನಾಲ್ಕು ದಿನಾಂಕಗಳಿದ್ದವು. ನನ್ನ ಕ್ಯಾಲೆಂಡರಿನಲ್ಲಿ ಮೂರು ಬೊಟ್ಟು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟೆ. ಮುಂದಿನ ಸೋಮವಾರ ಮಗಳು ಶಾಲೆಯಲ್ಲಿದ್ದಳು.

ಅಲ್ಲಿಗೂ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡೆವು ಎಂದು ಇಲಾಖೆ 3 ತಿಂಗಳೊಳಗೆ ತಿಳಿಸಬೇಕು. ನಾನು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ, ಆದರೆ ಉಪನಿರ್ದೇಶಕರಿಗೆ ಬರೆದ ಪತ್ರದ ಕೆಳಗೆ "ಪ್ರತಿ: ರಾಜ್ಯ ಆಯುಕ್ತರಿಗೆ" ಎಂದು ಬರೆದು, ಪ್ರತಿಯನ್ನು ಕಳಿಸಿಯೂ ಇದ್ದೆ.

ಇಳಿಜಾರು ಬಂದಿದೆ, ಕುರ್ಚಿ ಬಂದಿದೆ. ಮಧ್ಯಾಹ್ನ ಎರಡಕ್ಕೆ ಬಿಸಿಯೂಟದ ಅಕ್ಕ ಒಬ್ಬರು ತಮ್ಮ ಒಳ್ಳೆಯತನದಿಂದ ಅವಳನ್ನು ಶೌಚಕ್ಕೆ ಕರೆದೊಯ್ಯುತ್ತಾರೆ. ಆ ಅಕ್ಕ ರಜೆ ಹಾಕಿದ ದಿನ ಮಗಳು ನೀರು ಕುಡಿಯುವುದಿಲ್ಲ. ಮುಂದಿನ ಮನವಿ ಅದರ ಬಗ್ಗೆ. ನಿನ್ನೆ ರಾತ್ರಿ ಬರೆದು ಮುಗಿಸಿದ್ದೇನೆ, ಎರಡು ಪ್ರತಿ ಮಾಡಿಸಬೇಕು.