ಊರಿನ ಹಳೇ ಕಲ್ಲಿನ ಗುಡಿ ಉಳಿಸಿ, ಎಲ್ರೂ ಬಂದು ನೋಡೋ ಹಾಗೆ ಮಾಡೋದು ಹೇಗೆ

ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ವು, ತುಂಬಾ ಖುಷಿ. ಆದ್ರೆ ಅದೇ ಹೊಯ್ಸಳರ ಕಾಲದ ಎಷ್ಟೋ ಸಣ್ಣ ಗುಡಿಗಳು ಇನ್ನೂ ಲಂಟಾನಾ ಪೊದೆ ಒಳಗೇ ಇವೆ. ಊರವ್ರು ಮನಸ್ಸು ಮಾಡಿದ್ರೆ ಅವನ್ನ ಉಳಿಸ್ಬಹುದು, ಆದ್ರೆ ಜೀರ್ಣೋದ್ಧಾರ ಅಂತ ಹೊರಟು ಕಂಬಕ್ಕೆಲ್ಲ ಆಯಿಲ್ ಪೇಂಟ್ ಬಳ್ದು ನೆಲಕ್ಕೆ ಟೈಲ್ಸ್ ಹಾಕ್ಸಿಬಿಟ್ರೆ ಗಿಡ ಬೆಳ್ದು ಆಗಿದ್ದಕ್ಕಿಂತ ಜಾಸ್ತಿ ಹಾಳಾಗತ್ತೆ. ಇರೋದನ್ನ ಇರೋ ಹಾಗೇ ಗಟ್ಟಿ ಮಾಡಿ, ಹೊಸದನ್ನ ಆದಷ್ಟು ಕಮ್ಮಿ ಸೇರ್ಸಿ.

ಮೊದ್ಲು ಗುಡಿ ಯಾರ ಸುಪರ್ದಿಯಲ್ಲಿದೆ ನೋಡಿ. ಪಹಣಿ ತೆಗ್ಸಿ, ತಾಲೂಕು ಆಫೀಸಲ್ಲಿ ಮುಜರಾಯಿದಾ ಕೇಳಿ. ಕೇಂದ್ರ ಪುರಾತತ್ವ ಇಲಾಖೆ ರಕ್ಷಣೆಯಲ್ಲಿದ್ರೆ ನೀವು ಒಂದು ಕಲ್ಲೂ ಅಲ್ಲಾಡಿಸೋ ಹಾಗಿಲ್ಲ, ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್‌ಗೂ ಪರ್ಮಿಷನ್ ಬೇಕು. ರಾಜ್ಯದ ಪಟ್ಟಿಯಲ್ಲಿದ್ರೆ ಪ್ರಾಚೀನ ಸ್ಮಾರಕ ಕಾಪಾಡೋಕೆ ಅಂತಲೇ ಇರೋ ಕರ್ನಾಟಕದ 1961ರ ಕಾಯ್ದೆ ಅನ್ವಯಿಸತ್ತೆ. ಯಾವ ಪಟ್ಟಿಯಲ್ಲೂ ಇಲ್ದಿದ್ರೂ ರಾಜ್ಯ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಕೊಟ್ಟು ಅವ್ರ ಇಂಜಿನಿಯರ್ ಬಂದು ನೋಡೋವರ್ಗೂ ಕಾಯಿರಿ. ದುಡ್ಡಿನ ವಿಷ್ಯಕ್ಕೆ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್‌ನ ಕೇಳ್ಬಹುದು, ಸರ್ಕಾರ, ಟ್ರಸ್ಟ್, ಊರವ್ರು ಮೂರೂ ಕಡೆಯಿಂದ ಹಾಕಿ ಕೆಲ್ಸ ಮಾಡೋ ಪದ್ಧತಿ ಅವ್ರದ್ದು.

ಆಮೇಲೆ ದಾಖಲೆ. ಪ್ರತಿ ಗೋಡೆ, ಕಂಬ, ಬಿರುಕು ಎಲ್ಲದರ ಫೋಟೋ ತೆಗೀರಿ, ಪಕ್ಕದಲ್ಲಿ ಒಂದು ಸ್ಕೇಲ್ ಇರ್ಲಿ. ಸುತ್ತ ಬಿದ್ದಿರೋ ಕಲ್ಲುಗಳನ್ನ ರಾಶಿ ಹಾಕ್ಬೇಡಿ, ಯಾವ್ದು ಎಲ್ಲಿ ಬಿದ್ದಿತ್ತು ಅಂತ ನಕ್ಷೆಯಲ್ಲಿ ಬರ್ದು ನಂಬರ್ ಕೊಡಿ, ಯಾಕಂದ್ರೆ ಬಿದ್ದ ಜಾಗ ನೋಡಿಯೇ ಅದು ಶಿಖರದ್ದಾ ಗೋಡೆಯದ್ದಾ ಅಂತ ಗೊತ್ತಾಗೋದು. ಶಾಸನ, ವೀರಗಲ್ಲು, ಮಾಸ್ತಿಗಲ್ಲು ಇದ್ರೆ ಅಕ್ಷರ ಎದ್ದು ಕಾಣ್ಲಿ ಅಂತ ಸುಣ್ಣ, ಎಣ್ಣೆ ಹಚ್ಬೇಡಿ, ಸಂಜೆ ಹೊತ್ತಲ್ಲಿ ಪಕ್ಕದಿಂದ ಟಾರ್ಚ್ ಬಿಟ್ರೆ ತಾನೇ ಕಾಣತ್ತೆ. ಅಗೆಯೋವಾಗ ವಿಗ್ರಹ, ನಾಣ್ಯ ಏನೇ ಸಿಕ್ಲಿ, ಕೆಲ್ಸ ನಿಲ್ಸಿ ತಹಶೀಲ್ದಾರ್‌ಗೆ ಹೇಳಿ.

ರಿಪೇರಿ ಸೂರಿಂದ ಶುರುವಾಗ್ಬೇಕು, ಹಳೇ ಗುಡಿಯನ್ನ ಕೊಲ್ಲೋದು ನೀರು. ಕಲ್ಲು ಚಪ್ಪಡಿ ಮೇಲೆ ಹಿಂದಿನವ್ರು ಇಟ್ಟಿಗೆ ಚೂರು, ಸುಣ್ಣ ಸೇರ್ಸಿ ಗಚ್ಚು ಹಾಕ್ತಿದ್ರು, ಅದು ಸವೆದು ಸೋರೋಕೆ ಶುರುವಾದಾಗ ನಡುವೆ ಯಾರೋ ಅದರ ಮೇಲೇ ಕಾಂಕ್ರೀಟ್ ಸುರ್ದಿರ್ತಾರೆ, ಆ ಭಾರಕ್ಕೆ ತೊಲೆ ಸೀಳತ್ತೆ. ತೊಲೆಗೆ ಕೆಳಗಿಂದ ಆಸರೆ ಕೊಟ್ಟು, ಮೇಲಿನ ಭಾರ ಕೈಯಲ್ಲೇ ನಿಧಾನ ಇಳ್ಸಿ, ಮತ್ತೆ ಸುಣ್ಣದ್ದೇ ಗಚ್ಚು ಇಳಿಜಾರಾಗಿ ಹಾಕ್ಸಿ. ಸಿಮೆಂಟ್ ಮಾತ್ರ ಬೇಡ್ವೇ ಬೇಡ. ಅದು ಸುಣ್ಣದ ಗಾರೆಗಿಂತ ಬಿರುಸು, ಒಳಗಿನ ತೇವ ಹೊರಗೆ ಬಿಡಲ್ಲ, ಅದರ ಉಪ್ಪು ಕಲ್ಲಿಗೆ ಇಳ್ದು ಮೇಲ್ಪದರ ಪುಡಿಪುಡಿಯಾಗಿ ಉದುರತ್ತೆ, ಹೊಯ್ಸಳರ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆ ಇದನ್ನ ತಡೆಯಲ್ಲ. ಅರಳಿಸಿದ ಸುಣ್ಣನ ನೀರೊಳಗೆ ಕೆಲವು ವಾರ ಕೊಳೆಯೋಕೆ ಬಿಟ್ಟು, ಮರಳು, ಸುರ್ಕಿ (ಇಟ್ಟಿಗೆ ಪುಡಿ) ಬೆರ್ಸಿ, ಬೆಲ್ಲ, ಅಳಲೆಕಾಯಿ ನೆನೆಸಿದ ನೀರಲ್ಲಿ ಕಲ್ಸೋ ಗಾರೆಯವ್ರು ಇನ್ನೂ ಇದ್ದಾರೆ, ಹುಡುಕಿ ಕರ್ಕೊಂಡ್ಬನ್ನಿ. ಗಾರೆ ಬೇಗ ಒಣಗ್ಬಾರ್ದು, ಒದ್ದೆ ಗೋಣಿಚೀಲ ಹೊದಿಸಿಡಿ. ಕಲ್ಲಿಗೆ ಕಲ್ಲು ಕೂಡ್ಸೋಕೆ ಕಬ್ಬಿಣ ಹಾಕಿದ್ರೆ ತುಕ್ಕು ಹಿಡ್ದು ಉಬ್ಬಿ ಕಲ್ಲು ಒಡೆಯತ್ತೆ, ಸ್ಟೇನ್‌ಲೆಸ್ ಸ್ಟೀಲ್ ಹಾಕ್ಸಿ. ಗೋಡೆಯಲ್ಲಿ ಆಲ, ಅರಳಿ ಬೆಳೆದಿದ್ರೆ ಎಳೀಬೇಡಿ, ಬೇರಿನ ಜೊತೆ ಗೋಡೆನೂ ಬರತ್ತೆ. ಕತ್ತರಿಸಿ, ಬೇರಿಗೆ ಔಷಧಿ ಕೊಟ್ಟು ಸತ್ತ ಮೇಲೆ ಬಿಡ್ಸಿ. ಸ್ಯಾಂಡ್ ಬ್ಲಾಸ್ಟಿಂಗ್, ಅಂದ್ರೆ ಜೋರಾಗಿ ಮರಳು ಹಾರ್ಸಿ ಕಲ್ಲು ಉಜ್ಜೋದು, ಯಾರಾದ್ರೂ ಹೇಳಿದ್ರೆ ಒಪ್ಬೇಡಿ, ಪಾಚಿಗೆ ನೀರು ಮತ್ತು ಮೆತ್ತನೆ ಬ್ರಷ್ ಸಾಕು. ಬುಡದಲ್ಲಿ ಮಣ್ಣು ತುಂಬಿದ್ರೆ ತೆಗ್ಸಿ ಸುತ್ತ ಚರಂಡಿ ಮಾಡಿ.

ಇನ್ನು ಬರೋ ಜನ. ವೀಲ್‌ಚೇರ್‌ನಲ್ಲಿ ಬರೋರು, ಮಂಡಿ ನೋವಿರೋ ಅಜ್ಜಿ, ಕಣ್ಣು ಕಾಣದವ್ರು ಇವ್ರನ್ನೆಲ್ಲ ಪ್ಲಾನ್ ಮಾಡೋವಾಗ್ಲೇ ನೆನೆಸ್ಕೊಳ್ಳಿ, ಎಲ್ಲಾ ಮುಗಿದ್ಮೇಲೆ ರ‍್ಯಾಂಪ್ ಅಂಟಿಸೋದಲ್ಲ. ಇಳಿಜಾರಿನ ಲೆಕ್ಕ 1:12, ಅಂದ್ರೆ ಜಗತಿ (ಗುಡಿ ನಿಂತಿರೋ ಕಟ್ಟೆ) 60 ಸೆಂಟಿಮೀಟರ್ ಎತ್ತರ ಇದ್ರೆ 7.2 ಮೀಟರ್ ಉದ್ದದ ರ‍್ಯಾಂಪ್ ಬೇಕು, ಎರಡೂ ಕಡೆ ಕೈಹಿಡಿ. ಅದು ಮರದ್ದೋ ಸ್ಟೀಲಿಂದೋ ಆಗಿರ್ಲಿ, ತನ್ನ ಕಾಲ ಮೇಲೆ ತಾನೇ ನಿಲ್ಲೋ ಹಾಗಿರ್ಲಿ, ಹಳೇ ಕಲ್ಲಿಗೆ ಒಂದೂ ಬೋಲ್ಟ್ ಹೊಡೀಬೇಡಿ, ನಾಳೆ ತೆಗೀಬೇಕು ಅಂದ್ರೆ ಗುರುತೇ ಉಳೀಬಾರ್ದು. ಬೇಸಿಗೆಯಲ್ಲಿ ಕಲ್ಲು ಸುಡತ್ತೆ, ಬರಿಗಾಲಲ್ಲಿ ನಡೆಯೋ ದಾರಿಗೆ ನಾರಿನ ಮ್ಯಾಟ್ ಹಾಕಿ. ಬೋರ್ಡಲ್ಲಿ ಕನ್ನಡ ಮೊದ್ಲು, ಅಕ್ಷರ ದೊಡ್ಡದು, ಬ್ರೈಲ್ ಒಂದು, ಆಮೇಲೆ ಕಂಬದ ಒಂದು ಸಣ್ಣ ಮಾದರಿ ಕೆತ್ತಿಸಿ ಮುಟ್ಟಿ ನೋಡೋಕೆ ಇಡಿ. ಟಾಯ್ಲೆಟ್, ಪಾರ್ಕಿಂಗ್ ದೂರ ಇರ್ಲಿ, ಆದ್ರೆ ಅಲ್ಲಿಂದ ಗುಡಿವರ್ಗೂ ದಾರಿ ಸಮ ಇರ್ಲಿ. ಪೂಜೆ ನಡೆಯೋ ಗುಡಿಯಾದ್ರೆ ಅರ್ಚಕರನ್ನೂ ಕೂರ್ಸಿಕೊಂಡೇ ಇದನ್ನೆಲ್ಲ ತೀರ್ಮಾನ ಮಾಡಿ, ಎಣ್ಣೆ ದೀಪ, ಕರ್ಪೂರ ಎಲ್ಲಿಡ್ಬೇಕು ಅನ್ನೋದೂ ಸೇರ್ಸಿ.

ಕೆಲ್ಸ ಮುಗಿದ ಮೇಲೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಯಾರು ಸೂರು ಹತ್ತಿ ಎಲೆ, ಗಿಡ ತೆಗೀತಾರೆ, ಚರಂಡಿ ಯಾರು ಬಿಡಿಸ್ತಾರೆ ಅಂತ ಪಂಚಾಯ್ತಿಯಲ್ಲೇ ಹೆಸ್ರು ಬರ್ಸಿ ಇಡಿ.