60 ಸಾವಿರ ಕಿಲೋಮೀಟರಿಗೇ ಹೋಯ್ತು ಅಂದ ಕ್ಲಚ್ 1 ಲಕ್ಷ ದಾಟಿದ್ದು ಹೇಗೆ

ನನ್ನದು 2012ರ ಸ್ವಿಫ್ಟ್ ಪೆಟ್ರೋಲ್. ಓಡಾಟ ಬೆಂಗಳೂರು–ಪುತ್ತೂರು, ನಡುವೆ ಶಿರಾಡಿ ಘಾಟಿ. ಸುಮಾರು 60 ಸಾವಿರ ಕಿಲೋಮೀಟರ್ ಆದಾಗ ಸರ್ವಿಸ್ ಸೆಂಟರಿನವರು ಕ್ಲಚ್ ಸೆಟ್, ಮುಂದಿನ ಬ್ರೇಕ್ ಪ್ಯಾಡ್, ಬ್ಯಾಟರಿ, ಇಂಜೆಕ್ಟರ್ ಕ್ಲೀನಿಂಗ್ ಎಲ್ಲಾ ಸೇರಿಸಿ 22 ಸಾವಿರದ ಹತ್ತಿರ ಎಸ್ಟಿಮೇಟ್ ಕೊಟ್ಟರು. ನಾನು ಆಯಿಲ್, ಫಿಲ್ಟರ್ ಮಾತ್ರ ಹಾಕಿಸಿಕೊಂಡು ಬಂದೆ. "ಘಾಟಿಯಲ್ಲಿ ನಿಂತಾಗ ನನಗೆ ಫೋನ್ ಮಾಡಬೇಡ" ಅಂದರು ಭಾವ. ಆ ಕ್ಲಚ್ ಬದಲಾಗಿದ್ದು 1 ಲಕ್ಷ 10 ಸಾವಿರ ದಾಟಿದ ಮೇಲೆ. ಈಗ ಭಾವನೇ ತಮ್ಮ ಗಾಡಿಯ ಎಸ್ಟಿಮೇಟ್ ಫೋಟೋ ಕಳಿಸಿ, ಯಾವುದು ಬೇಕು ಯಾವುದು ಬೇಡ ಅಂತ ಕೇಳುತ್ತಾರೆ.

ನಾನು ಕ್ಲಚ್ ನೋಡುವುದು ಹೀಗೆ. ಖಾಲಿ, ಸಮತಟ್ಟು ರಸ್ತೆ. ನಾಲ್ಕನೇ ಗೇರ್, 40ರ ವೇಗ, ಆಕ್ಸಿಲರೇಟರ್ ಪೂರ್ತಿ ಒತ್ತುವುದು. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ಜಿಗಿದು, ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಎರಡೂ ಒಟ್ಟಿಗೆ ಏರಿದರೆ ಮುಟ್ಟುವುದೇ ಬೇಡ. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಹೀಗೆ ನೋಡುತ್ತಲೇ ಇದ್ದೆ. ಕೊನೆಗೆ ಘಾಟಿಯ ಬುಡದ ಗುಂಡ್ಯದಿಂದ ಮೇಲೆ ಹತ್ತುವಾಗ ಮುಳ್ಳು ಜಿಗಿಯಿತು. ಅದೇ ವಾರ ಬೆಂಗಳೂರಿನ ಜೆಸಿ ರೋಡಿನ ಪಾರ್ಟ್ ಅಂಗಡಿಯಲ್ಲಿ ಸೆಟ್ ಕೊಂಡು ಹಾಕಿಸಿದೆ.

ಬ್ಯಾಟರಿ ಕಥೆ ಇನ್ನೂ ಸಣ್ಣದು. 400 ರೂಪಾಯಿಯ ಮಲ್ಟಿಮೀಟರ್ ತಂದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.5 ವೋಲ್ಟ್ ಇತ್ತು, ಸ್ಟಾರ್ಟ್ ಮಾಡುವಾಗಲೂ 10ರ ಕೆಳಗೆ ಇಳಿಯಲಿಲ್ಲ, ಅಂದರೆ ಬ್ಯಾಟರಿ ಸರಿಯಾಗೇ ಇತ್ತು. ತೊಂದರೆ ಇದ್ದದ್ದು ಟರ್ಮಿನಲ್ ಮೇಲೆ ಕಟ್ಟಿದ್ದ ಬಿಳಿ ಪುಡಿಯಲ್ಲಿ. ಬಿಸಿನೀರು ಹಾಕಿ ತೊಳೆದು ವ್ಯಾಸಲಿನ್ ಸವರಿದೆ. ಮತ್ತೆ ಒಂದೂವರೆ ವರ್ಷ ಬಂತು.

ದುಡ್ಡು ಹೋಗಿದ್ದು ಲೋಯರ್ ಆರ್ಮ್ ಬುಷ್‌ನಲ್ಲಿ, ಅಂದರೆ ಮುಂದಿನ ಚಕ್ರ ಹಿಡಿದಿರುವ ಕೆಳಗಿನ ತೋಳಿನ ರಬ್ಬರ್ ತುಂಡಿನಲ್ಲಿ. ಗ್ಯಾರೇಜಿನವನು ತಾನೇ ತಂದ ಲೋಕಲ್ ಬುಷ್ ಹಾಕಿದ. ಒರಿಜಿನಲ್‌ನ ಅರ್ಧ ಬೆಲೆ. 8 ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ರಬ್ಬರ್ ಹರಿದು, ಹಂಪ್ ಮೇಲೆ ಕಟಕಟ ಸದ್ದು. ಬುಷ್ ಎರಡು ಸಲ, ಲೇಬರ್ ಎರಡು ಸಲ, ಅಲೈನ್‌ಮೆಂಟ್ ಎರಡು ಸಲ. ಒಟ್ಟು 3 ಸಾವಿರದ ಮೇಲೆ ಸುಮ್ನೆ ಹೋಯಿತು. ಅಲ್ಲಿಂದ ಪಾರ್ಟ್ ನಾನೇ ಕೊಳ್ಳುತ್ತೇನೆ, ಲೇಬರ್ ಬೇರೆ ಕೊಡುತ್ತೇನೆ.

ಗ್ಯಾರೇಜ್ ನಂಬಬಹುದಾ ಅಂತ ನೋಡಲು ಒಂದು ದಾರಿ ಹುಡುಕಿದೆ. ಮುಂದಿನ ಪ್ಯಾಡ್ ನಾನೇ ಬಿಚ್ಚಿ ಅಳೆದಿದ್ದೆ, ಲೈನಿಂಗ್, ಅಂದರೆ ಸವೆಯುವ ಪದರ, ಇನ್ನೂ 6 ಮಿಲಿಮೀಟರ್ ಇತ್ತು. ಹೊಸದು 10ರ ಆಸುಪಾಸು ಇರುತ್ತದೆ, 3ಕ್ಕೆ ಬಂದಾಗ ಬದಲಾಯಿಸಿದರೆ ಸಾಕು. ಅಷ್ಟು ಗೊತ್ತಿದ್ದೇ ಬೇರೆ ಬೇರೆ ಗ್ಯಾರೇಜಿಗೆ ಹೋಗಿ "ಪ್ಯಾಡ್ ಚೇಂಜ್ ಮಾಡಿಕೊಡಿ" ಅಂದೆ. ಹೆಚ್ಚಿನವರು ಚಕ್ರ ಬಿಚ್ಚದೆಯೇ ರೇಟ್ ಹೇಳಿದರು. ಒಬ್ಬ ಮೇಸ್ತ್ರಿ ಮಾತ್ರ ಚಕ್ರ ತೆಗೆದು, ಒಳಗಿನ ಪ್ಯಾಡ್‌ಗೂ ಟಾರ್ಚ್ ಹಿಡಿದು ನೋಡಿದ. "ಈಗ ಯಾಕೆ ಸಾರ್, ಇನ್ನೂ ಒಂದು ವರ್ಷ ಬರುತ್ತೆ. ಕ್ಯಾಲಿಪರ್ ಪಿನ್ ಟೈಟ್ ಇದೆ, ಗ್ರೀಸ್ ಹಾಕಿಕೊಡ್ತೀನಿ" ಅಂದ. ಪ್ಯಾಡ್ ಹಿಡಿದು ಒತ್ತುವ ಭಾಗವೇ ಕ್ಯಾಲಿಪರ್. 200 ರೂಪಾಯಿ ತೆಗೆದುಕೊಂಡ. ಈಗ ನನ್ನ ಗಾಡಿ ಮುಟ್ಟುವುದು ಅವನೊಬ್ಬನೇ. ಜಾಗ ಹೇಳಲ್ಲ, ಈಗಲೇ ಅಲ್ಲಿ ರಶ್ ಜಾಸ್ತಿ.

ಬೇರೆಯವರ ಹತ್ತಿರ ಬಿಡಲೇಬೇಕಾದರೆ ಹಳೆ ಪಾರ್ಟ್ ಮೇಲೆ ಮೊದಲೇ ಒಂದು ಗುರುತು ಹಾಕಿರುತ್ತೇನೆ. ಕೆಲಸ ಮುಗಿದ ಮೇಲೆ ಹಳೆಯದನ್ನು ಕೈಗೆ ತೆಗೆದುಕೊಂಡು, ನಿಜವಾಗಿ ನನ್ನದನ್ನೇ ತೆಗೆದರಾ ಅಂತ ನೋಡುತ್ತೇನೆ. ಗುರುತು ಎಲ್ಲಿ, ಯಾವುದರಿಂದ ಅನ್ನೋದು ನನ್ನ ಹತ್ತಿರವೇ ಇರಲಿ, ಇದನ್ನು ಮೆಕ್ಯಾನಿಕ್‌ಗಳೂ ಓದುತ್ತಾರೆ ಅಲ್ವಾ.

ಟೈರ್ ವಿಷಯದಲ್ಲಿ ಮಾತ್ರ ನಾನು ಕಾಯುವುದಿಲ್ಲ. ಟೈರಿನ ಪಕ್ಕದಲ್ಲಿರುವ ಕೋಡಿನ ಕೊನೆಯ ನಾಲ್ಕು ಅಂಕಿ 2319 ಅಂತಿದ್ದರೆ ಅದು 2019ರ 23ನೇ ವಾರದ್ದು. ಆರು ವರ್ಷ ದಾಟಿದರೆ ಟೈರಿನ ಗೆರೆಗಳು ಎಷ್ಟೇ ಆಳ ಇರಲಿ, ತೆಗೆಸುತ್ತೇನೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಮಳೆಗಾಲದ ಮುಂಚೆ. ಅದರ ನೀರಿನಂಶ ನೋಡುವ ಪೆನ್ ಕೂಡ ತರಿಸಿದ್ದೆ. ಹೊಸ ಡಬ್ಬಿಯ ಆಯಿಲ್‌ಗೂ ಕೆಂಪು ದೀಪ ತೋರಿಸಿತು, ಮೂಲೆಗೆ ಹಾಕಿದೆ.

ಈಗ ಕಣ್ಣಿರುವುದು ಹಿಂದಿನ ಎಡ ಶಾಕಪ್ (ಶಾಕ್ ಅಬ್ಸಾರ್ಬರ್) ಮೇಲೆ. ಎಣ್ಣೆ ಪಸೆ ಕಾಣಿಸುತ್ತಿದೆ, ಹನಿ ಬಿದ್ದಿಲ್ಲ. ಹನಿ ಬಿದ್ದ ದಿನ ಎರಡೂ ಕಡೆಯದನ್ನು ಒಟ್ಟಿಗೆ ಹಾಕಿಸುತ್ತೇನೆ, ಅದಕ್ಕೆ ದುಡ್ಡು ತೆಗೆದಿಟ್ಟಿದ್ದೇನೆ.